ಸಂಪಾದಕರ ಮಾತು: ಅಪ್ಪಣೆ ಯಾರದು, ಪ್ರಾಣ ಯಾರದು?

ಗೂಢಚಾರರ ಸಿನಿಮಾ, ಯುದ್ಧದ ಸಿನಿಮಾ ಎಂದೊಡನೆ ಗುಂಡಿನ ಸದ್ದು, ಬೆನ್ನಟ್ಟುವ ಕಾರು, ಕೊನೆಗೆ ಗೆಲ್ಲುವ ನಾಯಕ ಕಣ್ಣಮುಂದೆ ಬರುವುದು ಸಹಜ. ಅಮೆರಿಕದ ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್ (1930–2002) ಇವನ್ನೆಲ್ಲ ಬಲ್ಲವರೇ. ಆದರೆ ಅವರ ಉತ್ತಮ ಚಿತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ಅಪ್ಪಣೆ ಕೊಡುವವರು ಯಾರು, ಅದಕ್ಕೆ ಪ್ರಾಣ ತೆರುವವರು ಯಾರು? ಯುದ್ಧ ಮತ್ತು ಗೂಢಚರ್ಯೆಯ ಸಿನಿಮಾಗಳಿಗೆ ಮೀಸಲಾದ ಈ ಸಂಚಿಕೆಯನ್ನು ಅವರಿಂದಲೇ ಆರಂಭಿಸುತ್ತಿರುವುದು ಅದಕ್ಕಾಗಿ.

1950ರ ದಶಕದಲ್ಲಿ ಟಿವಿಯ ನೇರಪ್ರಸಾರದ ನಾಟಕಗಳಲ್ಲಿ ಪಳಗಿದ ಫ್ರಾಂಕನ್‌ಹೈಮರ್ ಸೆರೆಮನೆಯ ಕಥೆಯನ್ನೂ ಕಾರ್ ರೇಸಿನ ಕಥೆಯನ್ನೂ ಅಷ್ಟೇ ಹಿಡಿತದಿಂದ ಹೇಳಿದವರು. 1962ರ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ನಲ್ಲಿ ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕನ್ ಸೈನಿಕರು ತಾವು ಹೆಂಗಸರ ಹೂದೋಟದ ಸಭೆಯಲ್ಲಿ ಕುಳಿತಿದ್ದೇವೆಂದು ನಂಬಿದ್ದಾರೆ. ಕ್ಯಾಮೆರಾ ಸಭಾಂಗಣವನ್ನು ಪೂರ್ತಿ ಒಂದು ಸುತ್ತು ಹಾಕಿ ವೇದಿಕೆಗೆ ಮರಳುವಷ್ಟರಲ್ಲಿ ಹೂವಿನ ಬಗ್ಗೆ ಮಾತಾಡುತ್ತಿದ್ದ ಹೆಂಗಸು ಮಾಯ. ಅಲ್ಲಿ ನಿಂತಿರುವುದು ಅವರ ಬುದ್ಧಿಯನ್ನು ವಶಮಾಡಿಕೊಂಡ ಶತ್ರುಪಕ್ಷದ ತಜ್ಞ. ಅವನ ಅಪ್ಪಣೆಯಂತೆ ಆ ಸೈನಿಕರಲ್ಲೊಬ್ಬನಾದ ರೇಮಂಡ್ ಶಾ ಪಕ್ಕದ ಗೆಳೆಯನ ಕತ್ತು ಹಿಸುಕುತ್ತಾನೆ. ಅವನ ಮುಖದಲ್ಲಿ ದ್ವೇಷದ ಸುಳಿವೂ ಇಲ್ಲ. ವಿಧೇಯತೆಯ ಬಗ್ಗೆ ಇಷ್ಟು ಭಯ ಹುಟ್ಟಿಸಿದ ದೃಶ್ಯಗಳು ಸಿನಿಮಾದಲ್ಲಿ ವಿರಳ.

‘ಸೆವೆನ್ ಡೇಸ್ ಇನ್ ಮೇ’ (1964) ಇದೇ ಪ್ರಶ್ನೆಯನ್ನು ತಿರುವಿಹಾಕುತ್ತದೆ. ಸರ್ಕಾರವನ್ನು ಉರುಳಿಸಲು ಸಂಚು ಹೂಡಿದ ಜನರಲ್ ಒಬ್ಬನ ಕೈಕೆಳಗಿನ ಕರ್ನಲ್, ಅವನ ಮೇಲೆ ಗೌರವವಿದ್ದರೂ, ನೇರವಾಗಿ ಅಧ್ಯಕ್ಷರ ಬಳಿ ಹೋಗಿ ವಿಷಯ ತಿಳಿಸುತ್ತಾನೆ. ಮೇಲಧಿಕಾರಿಗಿಂತ ಸಂವಿಧಾನ ದೊಡ್ಡದೆಂಬುದನ್ನು ಆ ಚಿತ್ರ ಮನಸ್ಸಿಗೆ ನಾಟಿಸುತ್ತದೆ.

ಅವರ ಅತ್ಯುತ್ತಮ ಚಿತ್ರ ಯಾವುದೆಂದು ಕೇಳಿದರೆ ನಮ್ಮ ಉತ್ತರ ಅದೇ ವರ್ಷದ ‘ದಿ ಟ್ರೇನ್’. 1944ರ ಆಗಸ್ಟ್. ಪ್ಯಾರಿಸ್ ಕೈತಪ್ಪುವ ಮುನ್ನ ಜರ್ಮನ್ ಕರ್ನಲ್ ವಾಲ್ಡ್‌ಹೈಮ್ ಫ್ರಾನ್ಸಿನ ಶ್ರೇಷ್ಠ ವರ್ಣಚಿತ್ರಗಳನ್ನು ರೈಲಿಗೆ ತುಂಬಿಸುತ್ತಾನೆ. ಅದನ್ನು ತಡೆಯಬೇಕಾದ ರೈಲ್ವೆಯ ಲಬೀಶ್ ಆ ಚಿತ್ರಗಳನ್ನು ಕಂಡವನೇ ಅಲ್ಲ. ಅವುಗಳಿಗಾಗಿ ತನ್ನವರು ಯಾಕೆ ಸಾಯಬೇಕೆಂಬುದು ಅವನ ವಾದ. ಮುದುಕ ಚಾಲಕ ಬೂಲ್ ಎಂಜಿನ್ನಿನ ಎಣ್ಣೆಯ ಕೊಳವೆಗೆ ನಾಣ್ಯ ತುರುಕಿ ಅದನ್ನು ಕೆಡಿಸುತ್ತಾನೆ. ಜರ್ಮನ್ನರು ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಲಬೀಶ್ ಆ ರೈಲನ್ನು ತಡೆಯಲು ಇಳಿಯುವುದು ಅನಂತರವೇ. ಸುಟ್ಟ ಬೇರಿಂಗನ್ನು ಮತ್ತೆ ಎರಕ ಹೊಯ್ದು ಕೂರಿಸುವ ಕೆಲಸವನ್ನು ನಟ ಬರ್ಟ್ ಲ್ಯಾಂಕಾಸ್ಟರ್ ತಾವೇ ಮಾಡುತ್ತಾರೆ. ಡಿಕ್ಕಿ ಹೊಡೆದು ಹಳಿ ತಪ್ಪುವ ರೈಲುಗಳು ಸಹ ನಿಜವಾದವೇ. ಕಬ್ಬಿಣದ ಭಾರ ತಿಳಿದರಷ್ಟೇ ಪ್ರೇಕ್ಷಕನಿಗೆ ಸಾವಿನ ಭಾರವೂ ತಿಳಿದೀತು ಎಂಬ ನಂಬಿಕೆ ಇಡೀ ಚಿತ್ರದ ಬೆನ್ನೆಲುಬು.

ಕೊನೆಯಲ್ಲಿ ಕಲಾವಿದರ ಹೆಸರು ಬರೆದ ಪೆಟ್ಟಿಗೆಗಳು ಹಳಿಯ ಪಕ್ಕ ಚೆಲ್ಲಾಡಿವೆ. ಅಲ್ಲೇ ಜರ್ಮನ್ನರು ಕೊಂದ ಒತ್ತೆಯಾಳುಗಳ ಹೆಣಗಳೂ ಬಿದ್ದಿವೆ. ಈ ಕಲೆಯ ಬೆಲೆ ನಿನಗೇನು ಗೊತ್ತು ಎಂದು ವಾಲ್ಡ್‌ಹೈಮ್ ಹಂಗಿಸುತ್ತಾನೆ. ಲಬೀಶ್ ಒಮ್ಮೆ ಹೆಣಗಳತ್ತ ನೋಡಿ ಗುಂಡು ಹಾರಿಸುತ್ತಾನೆ. ಪೆಟ್ಟಿಗೆಗಳನ್ನು ಮುಟ್ಟದೆ ಕುಂಟುತ್ತ ಹೊರಟುಹೋಗುತ್ತಾನೆ. ಕಲೆ ದೊಡ್ಡದೋ ಜೀವ ದೊಡ್ಡದೋ ಎಂಬುದಕ್ಕೆ ಸುಲಭದ ತೀರ್ಪು ಇಲ್ಲಿಲ್ಲ.

ನಡುವಿನ ವರ್ಷಗಳ ಅವರ ಚಿತ್ರಗಳೆಲ್ಲ ಈ ಎತ್ತರದವಲ್ಲ. ಆದರೂ 1998ರ ‘ರೋನಿನ್’ನಲ್ಲಿ ಹಳೆಯ ಕಸುವು ಮರಳಿತು. ಶೀತಲ ಸಮರ ಮುಗಿದು ಒಡೆಯರಿಲ್ಲದೆ ಉಳಿದವರು ಒಂದು ಪೆಟ್ಟಿಗೆಗಾಗಿ ಕೊಲ್ಲುತ್ತಾರೆ, ಸಾಯುತ್ತಾರೆ. ಅದರೊಳಗೆ ಏನಿದೆಯೆಂದು ಚಿತ್ರ ಹೇಳುವುದೇ ಇಲ್ಲ. ಕೊನೆಯ ಚಿತ್ರ ‘ಪಾತ್ ಟು ವಾರ್’ (2002) ವಿಯೆಟ್ನಾಂ ಯುದ್ಧಕ್ಕೆ ಅಪ್ಪಣೆ ಹೊರಟ ಕೋಣೆಗೇ ನಮ್ಮನ್ನು ಕರೆದೊಯ್ಯುತ್ತದೆ.

ಯುದ್ಧವನ್ನು ಹಬ್ಬದಂತೆ ತೋರಿಸುವ ಸಿನಿಮಾಗಳಿಗೆ ಇಂದು ಬರವಿಲ್ಲ. ರೋಮಾಂಚನವನ್ನು ಬಿಟ್ಟುಕೊಡದೆಯೂ ಪ್ರೇಕ್ಷಕನ ವಿವೇಕವನ್ನು ಎಚ್ಚರವಾಗಿಡಬಹುದೆಂದು ಫ್ರಾಂಕನ್‌ಹೈಮರ್ ಮಾಡಿ ತೋರಿಸಿದರು. ಅವರನ್ನು ಹೊಸದಾಗಿ ನೋಡಹೊರಟವರು ‘ದಿ ಟ್ರೇನ್’ನಿಂದ ಶುರುಮಾಡಲಿ. ಯುದ್ಧದ ಕಥೆ ಹೇಳಬಯಸುವ ನಮ್ಮ ನಿರ್ದೇಶಕರಂತೂ ಅದನ್ನು ನೋಡಲೇಬೇಕು.