ಹೆಡ್‌ಫೋನ್ ತೆಗೆಯೋಣ

ಉಪ್ಪಳದ ನಮ್ಮ ಮನೆಯ ಮಾಳಿಗೆ ಕೋಣೆಯಿಂದ ದಿನಾ ಅಸರ್ ಕಳೆದ ಮೇಲೆ ಒಂದು ಸದ್ದು ಬರುತ್ತಿತ್ತು. ಟಕ್, ಟಕ್, ಟಕ್. ಕೆಳಗೆ ಚಾವಡಿಯಲ್ಲಿ ತಸ್ಬೀಹ್ ಹಿಡಿದು ಕೂತಿರುವ ನನ್ನ ಅತ್ತೆ, ಅಂದರೆ ಮಕ್ಕಳ ಉಮ್ಮಾಮ, ಮೊಮ್ಮಗಳು ಕಂಪ್ಯೂಟರ್ ಟೈಪಿಂಗ್ ಕಲಿಯುತ್ತಿದ್ದಾಳೆ ಎಂದೇ ಎಣಿಸಿದ್ದರು. ಅವಳು ಕಲಿಯುತ್ತಿದ್ದದ್ದು ಪಿಯಾನೊ. ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡ್ ನುಡಿಸಿದರೆ ಹೊರಗಿನವರಿಗೆ ಕೇಳುವುದು ಬೆರಳು ತಾಗುವ ಸದ್ದು ಮಾತ್ರ.

ಆ ಹೆಡ್‌ಫೋನ್ ತರಿಸಿಕೊಟ್ಟವಳು ನಾನೇ. ಇದು ನನ್ನೊಬ್ಬಳ ಮನೆಯ ಸಂಗತಿ ಅಲ್ಲವೆಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಶುರುವಾದದ್ದು 2020ರಲ್ಲಿ. ಮಗಳಿಗೆ ಆಗ ಏಳು ವರ್ಷ. ಕೊರೊನಾ ಬಂತು, ತಲಪಾಡಿ ಗಡಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗೇ ಹೋಗಲಾಗದ ದಿನಗಳವು. ಶಾರ್ಜಾದಲ್ಲಿದ್ದ ಗಂಡ, ಮಗು ಮೊಬೈಲ್ ನೋಡಿ ಹಾಳಾಗುವುದು ಬೇಡವೆಂದು ಒಂದು ಆನ್‌ಲೈನ್ ಪಿಯಾನೊ ಕ್ಲಾಸಿಗೆ ಸೇರಿಸಿದರು. 61 ಕೀಗಳ ಕೀಬೋರ್ಡ್ ಬಂತು. ವಾರಕ್ಕೆ ಎರಡು ದಿನ, ಅರ್ಧ ಅರ್ಧ ಗಂಟೆ. ಗಡಿ ತೆರೆದ ಮೇಲೂ ಕ್ಲಾಸು ನಿಲ್ಲಲಿಲ್ಲ. ಬಸ್ಸು ಹತ್ತಿ ಗಂಟೆಗಟ್ಟಲೆ ಹೋಗಿ ಬರುವುದು ಬೇಡ, ಜೊತೆಗೆ ಒಬ್ಬರು ಹೋಗುವುದು ಬೇಡ, ಮದ್ರಸ ತಪ್ಪುವುದಿಲ್ಲ. ಈ ಅನುಕೂಲಗಳ ನಡುವೆ ನನಗೆ ಇನ್ನೊಂದು ಅನುಕೂಲವೂ ಹಿತವಾಗಿತ್ತು: ಯಾರಿಗೂ ಗೊತ್ತಾಗಬೇಕಾಗಿರಲಿಲ್ಲ. ನೆಂಟರು ಬಂದರೆ ಕೀಬೋರ್ಡಿನ ಮೇಲೆ ಒಂದು ಬೆಡ್‌ಶೀಟ್ ಹಾಕಿದರೆ ಆಯಿತು.

ಆನ್‌ಲೈನ್ ಪಾಠ ಪ್ರಯೋಜನವಿಲ್ಲ ಎನ್ನುವವರಲ್ಲಿ ನಾನಿಲ್ಲ. ನಮ್ಮಂಥ ಊರಿಗೆ ಪಿಯಾನೊ ಟೀಚರ್ ಬೇರೆ ಯಾವ ದಾರಿಯಲ್ಲಿ ಬಂದಾರು? ಆದರೆ ಅದರ ಮಿತಿ ಏನೆಂದು ತಿಳಿದಿರಬೇಕು. ಇಂಟರ್‌ನೆಟ್‌ನಲ್ಲಿ ಸದ್ದು ತಲುಪಲು ತುಸು ತಡವಾಗುತ್ತದೆ, ಆದ್ದರಿಂದ ಟೀಚರ್ ಮತ್ತು ಮಗು ಒಟ್ಟಿಗೆ ನುಡಿಸಲು ಆಗುವುದಿಲ್ಲ. ಒಬ್ಬರ ನಂತರ ಒಬ್ಬರು ನುಡಿಸಬೇಕು. ಮಗುವಿನ ಮಣಿಕಟ್ಟು ಕೆಳಗೆ ಬಾಗಿದರೆ ಟೀಚರ್ ಕೈ ಹಿಡಿದು ಎತ್ತುವಂತಿಲ್ಲ, ಕ್ಯಾಮೆರಾ ತೋರಿಸಿದಷ್ಟನ್ನೇ ಅವರು ಕಾಣುತ್ತಾರೆ. ಇನ್ನೊಂದು ವಿಚಿತ್ರವಿದೆ. ವಿಡಿಯೋ ಕರೆಯ ಆ್ಯಪ್‌ಗಳು ಮನುಷ್ಯರ ಮಾತಿಗಾಗಿ ಮಾಡಿದವು. ಎಳೆದು ನಿಲ್ಲುವ ಸ್ವರವನ್ನು ಅವು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತವೆ. ಸೆಟ್ಟಿಂಗ್‌ನಲ್ಲಿ ಆ ಶೋಧಕವನ್ನು ಆಫ್ ಮಾಡಬೇಕು. ಇದು ನಮಗೆ ಗೊತ್ತಾಗಲು ಬಹಳ ತಿಂಗಳು ಹಿಡಿಯಿತು.

ಅದನ್ನು ಸರಿಮಾಡಿದ ಮೇಲೂ ಟೀಚರ್ "ಕೇಳಿಸುತ್ತಿಲ್ಲ, ಜೋರಾಗಿ ನುಡಿಸು" ಎನ್ನುವುದು ನಿಲ್ಲಲಿಲ್ಲ. ಒಂದು ದಿನ ನನ್ನನ್ನು ಕರೆದು ಹೇಳಿದರು: "ಸ್ವರ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಆದರೆ ಎಲ್ಲವನ್ನೂ ಒಂದೇ ಸಣ್ಣ ದನಿಯಲ್ಲಿ ನುಡಿಸುತ್ತಾಳೆ. ಯಾರೋ ಬೈಯುತ್ತಾರೆ ಎಂಬ ಹಾಗೆ." ಆಮೇಲೆ ಕೀಬೋರ್ಡ್ ನೋಡಿದೆ. ವಾಲ್ಯೂಮ್ ಗುಬ್ಬಿ ಕಾಲು ಭಾಗದಲ್ಲಿತ್ತು. ಯಾರು ತಿರುಗಿಸಿದ್ದೆಂದು ಕೇಳಿದರೆ ಮಗಳು, "ನಾನೇ ಉಮ್ಮ. ಕ್ಲಾಸಿನ ಹೊತ್ತಿಗೆ ಹೆಡ್‌ಫೋನ್ ಇರುವುದಿಲ್ಲವಲ್ಲ, ಕೆಳಗೆ ಕೇಳಬಾರದಲ್ಲ" ಎಂದಳು. ನಾನು ಅವಳಿಗೆ ಹಾಗೆಂದು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಬೆಡ್‌ಶೀಟ್ ಹೇಳಿತ್ತು.

ಪಿಯಾನೊ ಎಂಬುದು ಮೊಟಕುಗೊಂಡ ಹೆಸರು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬವರು ಇದನ್ನು ಮಾಡಿದರು. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡ್‌ನಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ತಂತಿಯನ್ನು ಮೀಟುವ ಬದಲು ಸಣ್ಣ ಸುತ್ತಿಗೆಯಿಂದ ಹೊಡೆಯುವ ಹಾಗೆ ಮಾಡಿದರು. ಬೆರಳಿನ ಬಲದ ಪ್ರಕಾರ ಮೆಲುದನಿಯೂ ಬಂತು, ಗಟ್ಟಿದನಿಯೂ ಬಂತು. ಹಾಗಾಗಿಯೇ ಅದು 'ಪಿಯಾನೊ ಫೋರ್ಟೆ'. ಇಟಾಲಿಯನ್ ಭಾಷೆಯಲ್ಲಿ ಪಿಯಾನೊ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ. ಫೀಸು ಕೊಟ್ಟು ನನ್ನ ಮಗಳಿಗೆ ನಾನು ಕಲಿಸಿದ್ದು ಆ ಹೆಸರಿನ ಅರ್ಧವನ್ನು ಮಾತ್ರ.

ಗುಟ್ಟು ಹೊರಬಿದ್ದದ್ದು ಪರೀಕ್ಷೆಯಿಂದ. ಲಂಡನ್ನಿನ ಟ್ರಿನಿಟಿ ಕಾಲೇಜು, ಎಬಿಆರ್‌ಎಸ್‌ಎಮ್ ಇವೆರಡೂ 2020ರಿಂದ ವಿಡಿಯೋ ಕಳಿಸಿ ಗ್ರೇಡ್ ಪರೀಕ್ಷೆ ಬರೆಯುವ ವ್ಯವಸ್ಥೆ ಮಾಡಿವೆ. ಮಗಳು ಕೂತದ್ದು ಎಬಿಆರ್‌ಎಸ್‌ಎಮ್ ಪರೀಕ್ಷೆಗೆ. ನಾಲ್ಕು ತುಣುಕುಗಳನ್ನು ಒಂದರ ಹಿಂದೆ ಒಂದು, ಎಲ್ಲೂ ನಿಲ್ಲಿಸದೆ, ಕತ್ತರಿಸದೆ, ಒಂದೇ ವಿಡಿಯೋದಲ್ಲಿ ನುಡಿಸಬೇಕು. ಏಳೆಂಟು ನಿಮಿಷವಾದರೂ ಮನೆಯಲ್ಲಿ ಸದ್ದಿರಬಾರದು. ಮೊದಲ ದಿನ ಕುಕ್ಕರ್ ಕೂಗಿತು. ಎರಡನೇ ದಿನ ಮೀನಿನವ ಹಾರನ್ ಹೊಡೆದ. ಮೂರನೇ ದಿನ ನಾನು ಕೆಳಗಿಳಿದು ಅತ್ತೆಯ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ವರ್ಷದಿಂದಲಾ?" ಎಂದು ಮಾತ್ರ ಕೇಳಿದರು. ಆಮೇಲೆ ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿ ಬಂದು, ಮಾಳಿಗೆಯ ಮೆಟ್ಟಿಲಲ್ಲಿ ಕೂತರು.

ಮಗಳು ನುಡಿಸಿ ಮುಗಿಸಿದ ಮೇಲೆ ಅವರಿಗೆ ಅದು ಬಹಳ ಇಷ್ಟವಾಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. "ಇದರಲ್ಲಿ ನಮ್ಮ ಮೈಲಾಂಜಿ ಪಾಟ್ ಬರುತ್ತದಾ?" ಎಂದು ಕೇಳಿದರು. ಬರುತ್ತದೋ ಇಲ್ಲವೋ ಮಗಳಿಗೆ ಗೊತ್ತಿರಲಿಲ್ಲ. ಅತ್ತೆ ಮೆಲ್ಲಗೆ ಒಂದು ಸಾಲು ಹಾಡಿದರು, ಅವಳು ಒಂದೇ ಬೆರಳಿನಲ್ಲಿ ಹುಡುಕಿದಳು. ಪುಸ್ತಕವಿಲ್ಲದೆ, ಕಿವಿಯಿಂದ ಕೇಳಿ ಅವಳು ನುಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ.

ವಾದ್ಯದ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ನಿಲುವುಗಳಿವೆ. ಬೇಡ ಎಂದು ನಿರ್ಧರಿಸಿದ ಮನೆಯ ಮೇಲೆ ನನ್ನ ಆಕ್ಷೇಪವಿಲ್ಲ. ಅವರು ಮಗುವಿಗೆ ನೇರವಾಗಿ ಬೇಡ ಎನ್ನುತ್ತಾರೆ, ಕಾರಣವನ್ನೂ ಹೇಳುತ್ತಾರೆ. ನನ್ನ ಮಾತು, ಕೀಬೋರ್ಡ್ ಕೊಂಡು, ಫೀಸು ಕಟ್ಟಿ, ಆಮೇಲೆ ಅದನ್ನು ಬಚ್ಚಿಡುವ ನನ್ನಂಥವರಿಗೆ. ಹೌದು ಎನ್ನಿ, ಇಲ್ಲ ಎನ್ನಿ. ಎರಡರ ನಡುವೆ ನಿಂತರೆ ಮಗು ಕಲಿಯುವುದು ಸಂಗೀತವನ್ನಲ್ಲ, ನಾಚಿಕೆಯನ್ನು.

"ಅದು ನಮ್ಮದಲ್ಲ" ಎಂಬ ಮಾತೂ ಇದೆ. ಮಾಪಿಳ ಪಾಟ್ಟಿನ ಜೊತೆ ನಾವು ಕೇಳುತ್ತಾ ಬೆಳೆದ ಹಾರ್ಮೋನಿಯಂ ಎಲ್ಲಿಯದು? 1842ರಲ್ಲಿ ಪ್ಯಾರಿಸ್‌ನಲ್ಲಿ ಅಲೆಕ್ಸಾಂಡ್ರ್ ದೆಬೆಂ ಆ ಹೆಸರಿನಲ್ಲಿ ಪೇಟೆಂಟ್ ಪಡೆದ ವಾದ್ಯವದು. ನಮ್ಮ ಮದುವೆ ಹಾಲ್‌ಗಳಲ್ಲಿ ಗಾನಮೇಳದವರನ್ನು ದುಡ್ಡು ಕೊಟ್ಟು ಕರೆಸುತ್ತೇವೆ. ಅವರ ನಡುವೆ ಕೀಬೋರ್ಡ್ ಇರುತ್ತದೆ, ಯಾರೂ ಏಳುವುದಿಲ್ಲ.

ಇನ್ನೊಂದು ಮಾತು ಹೇಳಲು ಕಷ್ಟ, ಆದರೂ ಹೇಳುತ್ತೇನೆ. ನನ್ನ ಮಗ ಮೀಲಾದ್ ಕಾರ್ಯಕ್ರಮದಲ್ಲಿ ದಫ್ ಬಾರಿಸಿದಾಗ ಮನೆಮಂದಿಯೆಲ್ಲ ವಿಡಿಯೋ ಮಾಡಿ ಸ್ಟೇಟಸ್ ಹಾಕಿದೆವು. ಹಾಕಬೇಕಾದದ್ದೇ, ಚೆನ್ನಾಗಿ ಬಾರಿಸಿದ. ಅಕ್ಕನ ಐದು ವರ್ಷದ ಕಲಿಕೆಗೆ ಮಾತ್ರ ಬೆಡ್‌ಶೀಟ್. ಈಗ ಅವಳಿಗೆ ಹನ್ನೆರಡು. "ದೊಡ್ಡವಳಾದಳಲ್ಲ, ಇನ್ನು ಸಾಕಲ್ಲವಾ?" ಎಂದು ಕೇಳುವವರು ಶುರುವಾಗಿದ್ದಾರೆ. ತಮ್ಮನಿಗೆ ಹನ್ನೆರಡಾದಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವೆಂದು ಅವಳಿಗೂ ಗೊತ್ತು. ವೇದಿಕೆ ಹತ್ತಿಸಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಅವಳು, ಅವಳ ಉಪ್ಪ, ನಾನು ಮುಂದೆ ಕೂತು ಮಾತಾಡುತ್ತೇವೆ. ಸ್ವಂತ ಮನೆಯವರ ಕಿವಿಗಾದರೂ ಬೀಳಲಿ ಎನ್ನುತ್ತಿದ್ದೇನೆ ಅಷ್ಟೆ.

ಹೊಸದಾಗಿ ಶುರುಮಾಡುವ ಮನೆಗಳಿಗೆ ನನ್ನ ಅನುಭವದಿಂದ ಕೆಲವು ಮಾತು. ಆಟಿಕೆಯಂಥ ಸಣ್ಣ ಕೀಗಳದ್ದನ್ನು ಕೊಳ್ಳಬೇಡಿ. ಬೆರಳಿನ ಬಲಕ್ಕೆ ತಕ್ಕಂತೆ ದನಿ ಬದಲಾಗುತ್ತದಾ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ಶುರುವಿಗೆ 61 ಕೀ ಸಾಕು, ಪೂರ್ಣ ಪಿಯಾನೊಗೆ 88 ಇರುತ್ತದೆ, ಮಗು ಮುಂದುವರಿದರೆ ಆಗ ನೋಡಿಕೊಳ್ಳಬಹುದು. ಮಂಚದ ಮೇಲೆ ಕೂರಿಸಿ ನುಡಿಸಬೇಡಿ, ಮೊಣಕೈ ಕೀಗಳ ಮಟ್ಟಕ್ಕೆ ಬರುವಂಥ ಕುರ್ಚಿ ಬೇಕು. ಮೊಬೈಲನ್ನು ಮುಖದ ಎದುರಿಗಲ್ಲ, ಕೈ ಕಾಣುವಂತೆ ಬದಿಯಲ್ಲಿಡಿ. ದಿನಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ ಮಾಡುವುದು ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ಮೇಲು. ಆ ಇಪ್ಪತ್ತರಲ್ಲಿ ಹತ್ತು ನಿಮಿಷ ನೀವೂ ಪಕ್ಕದಲ್ಲಿ ಕೂತಿರಿ. ಸಂಗೀತ ಬರಬೇಕಾಗಿಲ್ಲ, ನನಗೂ ಬರುವುದಿಲ್ಲ. ಮಣಿಕಟ್ಟು ಬಾಗಿದರೆ ಹೇಳಲು ಎರಡು ಕಣ್ಣು ಸಾಕು, ಚೆನ್ನಾಗಿದೆಯಾ ಎನ್ನಲು ಎರಡು ಕಿವಿ ಸಾಕು. ಟೀಚರಿಗೆ ದೂರದಿಂದ ಮಾಡಲಾಗದ ಕೆಲಸ ಅದೊಂದೇ, ಅದನ್ನು ಮನೆಯವರೇ ಮಾಡಬೇಕು.

ಹೆಡ್‌ಫೋನ್ ಬೇಡವೇ ಬೇಡ ಎಂದಲ್ಲ. ಬಾಂಗ್ ಕೇಳುವಾಗ, ಯಾರಾದರೂ ನಿಸ್ಕರಿಸುವಾಗ, ಮಲಗಿದವರಿದ್ದಾಗ ಮಗಳು ಈಗಲೂ ಹಾಕಿಕೊಳ್ಳುತ್ತಾಳೆ. ಅದು ಮರ್ಯಾದೆ. ಭಯಕ್ಕೆ ಹಾಕುವುದು ಬೇರೆ.

ಕಳೆದ ವಾರ ನೆಂಟರು ಬಂದಿದ್ದಾಗ ಮಾಳಿಗೆಯಲ್ಲಿ ಕ್ಲಾಸು ನಡೆಯುತ್ತಿತ್ತು. ಸದ್ದು ಕೇಳಿ ಅವರಲ್ಲೊಬ್ಬರು, "ಏನದು ಮೇಲೆ?" ಎಂದರು. ನನ್ನ ಬಾಯಲ್ಲಿ ಹಳೆಯ ಉತ್ತರವೇ ತಯಾರಾಗಿತ್ತು. ಟಿವಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ಪಿಂಗಾಣಿ ತಟ್ಟೆಗೆ ಪತ್ತಿರಿ ಹಾಕುತ್ತಾ ಹೇಳಿದರು: "ನಮ್ಮ ಮೋಳು. ಪಿಯಾನೊ ಕಲಿಯುತ್ತಿದ್ದಾಳೆ."