ಯಾವ ಊರಿನ ರಸ್ತೆ ವೇಗದ್ದು?

ಇಪ್ಪತ್ತೇಳು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ನನ್ನಿಂದ ಗಣಿತ ಕಲಿತ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ವಯಸ್ಸು 42. ಬೆಳಗಿನ ನಾಲ್ಕೂವರೆಗೆ ಎದ್ದು ಓಡುವುದು ಅವನ ಹವ್ಯಾಸ. ಹವ್ಯಾಸ ಎನ್ನುವುದಕ್ಕಿಂತ ವ್ರತ ಎಂದರೆ ಹೆಚ್ಚು ಸರಿಯಾದೀತು. ಈಚೆಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದ. ಕಾಫಿಯ ಲೋಟ ಕೆಳಗಿಡುವ ಮೊದಲೇ ಮಾತು ತೆಗೆದ. “ಸಾರ್, ಮುಂದಿನ ವಸಂತದಲ್ಲಿ ಹೊರದೇಶದಲ್ಲಿ ಒಂದು ಮ್ಯಾರಥಾನ್ ಓಡಬೇಕೆಂದಿದ್ದೇನೆ. ರಜೆ, ದುಡ್ಡು ಎರಡೂ ಕೂಡಿಬರುವುದು ನನಗೆ ಎರಡು ಮೂರು ವರ್ಷಕ್ಕೊಮ್ಮೆ. ಲಂಡನ್, ಪ್ಯಾರಿಸ್, ರಾಟರ್‌ಡ್ಯಾಮ್, ಈ ಮೂರರಲ್ಲಿ ಯಾವುದು ಹೆಚ್ಚು ವೇಗದ್ದು? ನೀವು ಲೆಕ್ಕದ ಮೇಷ್ಟ್ರು, ಲೆಕ್ಕ ಹಾಕಿ ಹೇಳಿ.”

ನಾನು ಮ್ಯಾರಥಾನ್ ಓಡಿದವನಲ್ಲ. ತಾಲ್ಲೂಕು ಕ್ರೀಡಾಕೂಟಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಗೆರೆಯ ಪಕ್ಕದಲ್ಲಿ ನಿಂತದ್ದಷ್ಟೇ ನನ್ನ ಅರ್ಹತೆ. ಆದರೆ ನಿವೃತ್ತಿಯ ಬಿಡುವಿನಲ್ಲಿ ಈ ಓಟಗಳ ವಿಷಯವನ್ನು ಆಸಕ್ತಿಯಿಂದ ಓದಿಕೊಂಡು ಬಂದಿದ್ದೇನೆ. ಅಂದು ಅವನಿಗೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ಕ್ರಮವಾಗಿ ಬರೆಯುತ್ತೇನೆ. ಇಂಥ ಆಸೆ ಹೊತ್ತ ಹವ್ಯಾಸಿ ಓಟಗಾರರು ಇಂದು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಯಾರಿಗಾದರೂ ಉಪಯೋಗವಾದರೆ ಸಂತೋಷ.

ಮೊದಲು ಅವನ ಗುರಿ ಏನೆಂಬುದನ್ನು ತಿಳಿಯಬೇಕು. ಅವನಿಗೆ ಬಾಸ್ಟನ್ ಮ್ಯಾರಥಾನ್ ಓಡುವಾಸೆ. 1897ರಿಂದ ನಡೆದುಬಂದಿರುವ ಆ ಓಟದ ಬಹುಪಾಲು ಜಾಗಗಳು ಬೇರೊಂದು ಮ್ಯಾರಥಾನನ್ನು ನಿಗದಿತ ಸಮಯದೊಳಗೆ ಓಡಿ ತೋರಿಸಿದವರಿಗೆ ಮೀಸಲು. 2026ರ ಓಟಕ್ಕೆ 40ರಿಂದ 44 ವಯಸ್ಸಿನ ಪುರುಷರಿಗೆ ನಿಗದಿಯಾದ ಸಮಯ 3 ಗಂಟೆ 5 ನಿಮಿಷ. ನನ್ನ ಶಿಷ್ಯನ ಈವರೆಗಿನ ಉತ್ತಮ ಸಮಯ 3 ಗಂಟೆ 6 ನಿಮಿಷ. ಒಂದೇ ನಿಮಿಷದ ಅಂತರ ಎಂದು ನನಗೂ ಮೊದಲು ಅನ್ನಿಸಿತು. ಆದರೆ ನಮ್ಮ ವೃತ್ತಿಶಿಕ್ಷಣದ ಸೀಟುಗಳಂತೆ ಇಲ್ಲಿಯೂ ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ. ಅರ್ಹರು ಹೆಚ್ಚಾದಾಗ ಅವರಲ್ಲಿ ವೇಗದವರನ್ನು ಮೊದಲು ಆರಿಸುತ್ತಾರೆ. 2024ರಲ್ಲಿ ನಿಗದಿತ ಸಮಯಕ್ಕಿಂತ 5 ನಿಮಿಷ 29 ಸೆಕೆಂಡ್, 2025ರಲ್ಲಿ 6 ನಿಮಿಷ 51 ಸೆಕೆಂಡ್ ಬೇಗ ಓಡಿದವರಿಗಷ್ಟೇ ಪ್ರವೇಶ ದೊರೆಯಿತು. 2026ಕ್ಕೆ 60 ವರ್ಷದೊಳಗಿನವರ ಅರ್ಹತಾ ಸಮಯವನ್ನೇ 5 ನಿಮಿಷ ಬಿಗಿಗೊಳಿಸಿದರು. ಆದರೂ ಮತ್ತೆ 4 ನಿಮಿಷ 34 ಸೆಕೆಂಡ್ ಬೇಕಾಯಿತು. ಎಂದರೆ 42ರ ಪ್ರಾಯದವನು ನಿಜವಾಗಿ ಓಡಬೇಕಾದದ್ದು ಸುಮಾರು 3 ಗಂಟೆಯಲ್ಲಿ. ಕಿಲೋಮೀಟರಿಗೆ 4 ನಿಮಿಷ 17 ಸೆಕೆಂಡಿನ ಗತಿ, ಅದೂ 42.195 ಕಿಲೋಮೀಟರ್ ಉದ್ದಕ್ಕೆ. ಇಷ್ಟು ಕಟ್ಟುನಿಟ್ಟಾದ ಲೆಕ್ಕವಿರುವಾಗ ಯಾವ ರಸ್ತೆ ಎಂಬ ಪ್ರಶ್ನೆ ಸಣ್ಣದಲ್ಲ.

ಈ ಲೆಕ್ಕದ ಒತ್ತಡವೇ ಕೆಲವರನ್ನು ಇಳಿಜಾರಿನ ದಾರಿಗೆ ಎಳೆಯಿತು. ಅಮೆರಿಕದಲ್ಲಿ ಬೆಟ್ಟದ ಮೇಲೆ ಆರಂಭವಾಗಿ ಕಣಿವೆಯಲ್ಲಿ ಮುಗಿಯುವ ಮ್ಯಾರಥಾನ್‌ಗಳಿವೆ. ಅಲ್ಲಿ ಗಳಿಸಿದ ಸಮಯವನ್ನು ತೋರಿಸಿ ಬಾಸ್ಟನ್ ಪ್ರವೇಶಿಸುವವರ ಸಂಖ್ಯೆ ಬೆಳೆದಾಗ, 2027ರ ಓಟದಿಂದ ಜಾರಿಗೆ ಬರುವಂತೆ ಹೊಸ ನಿಯಮ ಮಾಡಿದರು. ಒಟ್ಟು ಇಳಿಕೆ 1,500 ಅಡಿ ಮುಟ್ಟಿದ ಓಟದ ಸಮಯಕ್ಕೆ 5 ನಿಮಿಷ, 3,000 ಅಡಿ ಮುಟ್ಟಿದರೆ 10 ನಿಮಿಷ ಕೂಡಿಸಿ ಲೆಕ್ಕ ಹಿಡಿಯುತ್ತಾರೆ. 6,000 ಅಡಿ ಮುಟ್ಟಿದರೆ ಆ ಸಮಯ ಲೆಕ್ಕಕ್ಕೇ ಇಲ್ಲ. ಈ ನಿಯಮ ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ಒಂದೇ ಸೀಟಿಗೆ ಇಬ್ಬರು ಸ್ಪರ್ಧಿಸುವಾಗ ಇಬ್ಬರ ಪ್ರಶ್ನೆಪತ್ರಿಕೆಯೂ ಹೆಚ್ಚು ಕಡಿಮೆ ಸಮನಾಗಿರಬೇಕು.

ಇಳಿಜಾರು ಯಾವಾಗಲೂ ವೇಗ ಕೊಡುತ್ತದೆಂಬುದೂ ಭ್ರಮೆಯೇ. ಬಾಸ್ಟನ್ನಿನ ದಾರಿಯನ್ನೇ ನೋಡಿ. ಹಾಪ್ಕಿಂಟನ್ ಎಂಬ ಊರಿನಿಂದ ಬಾಸ್ಟನ್ ನಗರದವರೆಗೆ ಅದು ಸುಮಾರು 140 ಮೀಟರ್ ಇಳಿಯುತ್ತದೆ. ವಿಶ್ವದಾಖಲೆಯ ನಿಯಮ ಒಪ್ಪುವುದು ಕಿಲೋಮೀಟರಿಗೆ 1 ಮೀಟರಿನಂತೆ 42 ಮೀಟರ್ ಇಳಿಕೆಯನ್ನು ಮಾತ್ರ. ಜೊತೆಗೆ ಆರಂಭ ಮತ್ತು ಅಂತ್ಯದ ನಡುವಿನ ನೇರ ದೂರ ಓಟದ ಅರ್ಧಕ್ಕಿಂತ ಹೆಚ್ಚಿರಬಾರದು. ಆದ್ದರಿಂದಲೇ 2011ರಲ್ಲಿ ಕೆನ್ಯಾದ ಜೆಫ್ರಿ ಮುತಾಯ್ ಅಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರೂ, ಆವರೆಗೆ ಯಾರೂ ಅಷ್ಟು ಬೇಗ ಓಡಿರದಿದ್ದರೂ, ಅದು ವಿಶ್ವದಾಖಲೆ ಎನಿಸಲಿಲ್ಲ. ಹಾಗಿದ್ದರೂ ಹವ್ಯಾಸಿಗಳಿಗೆ ಅದು ಕಠಿಣ ಓಟ. ಆರಂಭದ ಕಡಿದಾದ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆದು ನಿಲ್ಲಿಸುವ ಕೆಲಸ ತೊಡೆಯ ಮುಂಭಾಗದ ಸ್ನಾಯುಗಳದು. ಆಗ ಅವು ನೋಯುವುದಿಲ್ಲ, ಸದ್ದಿಲ್ಲದೆ ಸೋಲುತ್ತವೆ. 26ನೆಯ ಕಿಲೋಮೀಟರಿನ ಸುಮಾರಿಗೆ ನ್ಯೂಟನ್ನಿನ ಏರುಗಳು ಎದುರಾಗಿ, ಹಾರ್ಟ್‌ಬ್ರೇಕ್ ಹಿಲ್ ಎಂಬ ಕೊನೆಯ ದಿಬ್ಬದಲ್ಲಿ ಆ ಸಾಲ ಬಡ್ಡಿಸಮೇತ ವಸೂಲಾಗುತ್ತದೆ.

ಇಳಿಜಾರಿಗಿಂತಲೂ ದೊಡ್ಡ ಸಂಗತಿ ಹವೆ. ಮುತಾಯ್ ಓಡಿದ ದಿನ ಗಾಳಿ ಬೆನ್ನ ಹಿಂದಿನಿಂದ ಬೀಸಿತ್ತು. 2018ರ ಏಪ್ರಿಲ್ 16ರಂದು ಅದೇ ರಸ್ತೆಯಲ್ಲಿ ಕೊರೆಯುವ ಮಳೆ, ಎದುರುಗಾಳಿ. ಅಂದು ಗೆದ್ದವರು ಜಪಾನಿನ ಯೂಕಿ ಕವಾಉಚಿ. ಸಮಯ 2 ಗಂಟೆ 15 ನಿಮಿಷ 58 ಸೆಕೆಂಡ್. ಅದೇ ದಾರಿ, ಅದೇ ದೂರ. ಗೆದ್ದವರ ಸಮಯದಲ್ಲಿ ಸುಮಾರು 13 ನಿಮಿಷಗಳ ವ್ಯತ್ಯಾಸ! ಕವಾಉಚಿ ಆಗ ಸೈತಾಮಾ ಪ್ರಾಂತ್ಯದ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಪೂರ್ಣಾವಧಿಯ ಸರ್ಕಾರಿ ನೌಕರರಾಗಿದ್ದರೆಂಬುದನ್ನು ಓದಿದಾಗ ಪ್ರೌಢಶಾಲೆಯಲ್ಲೇ ಆಯುಷ್ಯ ಕಳೆದ ನನಗೆ ವಿಶೇಷ ಹೆಮ್ಮೆ ಎನ್ನಿಸಿತ್ತು. ಇದಾದ ಆರೇ ದಿನಗಳಿಗೆ ಲಂಡನ್ ಮ್ಯಾರಥಾನ್ ನಡೆಯಿತು. ಅಂದು ಅಲ್ಲಿ ಉಷ್ಣತೆ 24 ಡಿಗ್ರಿಯ ಆಸುಪಾಸು. ಆ ಓಟದ ಇತಿಹಾಸದಲ್ಲಿ ಅಷ್ಟು ಸೆಕೆಯ ದಿನ ಅದುವರೆಗೆ ಬಂದಿರಲಿಲ್ಲ. ಮ್ಯಾರಥಾನ್ ಓಟಕ್ಕೆ ಹಿತವಾದದ್ದು 10 ಡಿಗ್ರಿಯ ಸುತ್ತಿನ ಹವೆ. ವಸಂತದ ಓಟಗಳ ಆಕರ್ಷಣೆ ಅದೇ, ಅಪಾಯವೂ ಅದೇ. ಚಳಿಗಾಲವಿಡೀ ಕೊರೆವ ಚಳಿಯಲ್ಲಿ ಅಭ್ಯಾಸ ಮಾಡಿದ ಯುರೋಪಿನವನ ಮೇಲೆ ಏಪ್ರಿಲ್ಲಿನ ಒಂದು ಬಿಸಿ ದಿನ ಹಠಾತ್ತನೆ ಬಂದೆರಗುತ್ತದೆ. ಅವನ ಮೈ ಅದಕ್ಕೆ ಸಿದ್ಧವಾಗಿರುವುದಿಲ್ಲ.

ಇನ್ನು ಅವನು ಕೇಳಿದ ಮೂರು ಊರುಗಳು.

ಲಂಡನ್ ವೇಗದ ಓಟವೆಂಬುದರಲ್ಲಿ ಸಂಶಯವಿಲ್ಲ. 2003ರಲ್ಲಿ ಪೌಲಾ ರಾಡ್‌ಕ್ಲಿಫ್ 2 ಗಂಟೆ 15 ನಿಮಿಷ 25 ಸೆಕೆಂಡಿನ ವಿಶ್ವದಾಖಲೆ ಬರೆದದ್ದು ಅಲ್ಲಿಯೇ. ಆರಂಭದ ಕೆಲವು ಕಿಲೋಮೀಟರ್ ಇಳಿಕೆ, ಅನಂತರ ಬಹುತೇಕ ಸಮತಟ್ಟು, ಉದ್ದಕ್ಕೂ ಹುರಿದುಂಬಿಸುವ ಜನ. ಆದರೆ 2025ರಲ್ಲಿ ಅಲ್ಲಿ ಓಟ ಮುಗಿಸಿದವರು 56 ಸಾವಿರಕ್ಕೂ ಹೆಚ್ಚು. ಮ್ಯಾರಥಾನ್ ದಾರಿಯನ್ನು ಅಳೆಯುವುದು ತಿರುವುಗಳ ಒಳಅಂಚನ್ನು ಹಿಡಿದ ಅತಿ ಹತ್ತಿರದ ಗೆರೆಯಲ್ಲಿ. ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ 1 ಮೀಟರ್ ಹೆಚ್ಚುವರಿ ಸೇರಿಸಿಯೇ ಅಳೆಯುತ್ತಾರೆ. ಗುಂಪಿನಲ್ಲಿ ಆ ಗೆರೆಯನ್ನು ಹಿಡಿಯಲಾಗದೆ ಅತ್ತಿತ್ತ ಸರಿಯುತ್ತ 400 ಮೀಟರ್ ಹೆಚ್ಚು ಓಡಿದನೆಂದುಕೊಳ್ಳಿ. ಇವನ ಗತಿಯಲ್ಲಿ 1 ನಿಮಿಷ 43 ಸೆಕೆಂಡ್ ನಷ್ಟ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಪ್ರವೇಶ ಸಿಗುವುದೇ ದುರ್ಲಭ. 2026ರ ಓಟದ ಲಾಟರಿಗೆ ಅರ್ಜಿ ಹಾಕಿದವರು 11 ಲಕ್ಷಕ್ಕೂ ಹೆಚ್ಚು ಮಂದಿ. ವಯಸ್ಸಿಗೆ ತಕ್ಕ ವೇಗ ತೋರಿಸಿ ಪ್ರವೇಶ ಪಡೆಯುವ ದಾರಿ ಬ್ರಿಟನ್ನಿನ ನಿವಾಸಿಗಳಿಗಷ್ಟೇ ತೆರೆದಿದೆ. ಲಾಟರಿಯ ಚೀಟಿಯನ್ನು ನಂಬಿ ಒಂದು ವರ್ಷದ ಯೋಜನೆ ಹಾಕಲಾಗದು.

ಪ್ಯಾರಿಸ್ಸಿನದು ನಯನಮನೋಹರವಾದ ದಾರಿ. ಪೂರ್ವದ ಒಂದು ಕಾಡು, ಪಶ್ಚಿಮದ ಇನ್ನೊಂದು ಕಾಡು, ನಡುವೆ ಸೇನ್ ನದಿಯ ದಂಡೆ. ಆದರೆ ನದಿಯಂಚಿನ ರಸ್ತೆ ಸೇತುವೆಗಳ ಅಡಿಯಲ್ಲಿ, ಸುರಂಗದಲ್ಲಿ ಇಳಿದೇಳುತ್ತದೆ. 30 ಕಿಲೋಮೀಟರ್ ದಾಟಿ ಮೈ ಬಳಲಿದ ಮೇಲೆ ಪಶ್ಚಿಮದ ಕಾಡಿನತ್ತ ಏರು. ಅಲ್ಲಿಯೂ 50 ಸಾವಿರಕ್ಕೂ ಮಿಕ್ಕ ಜನ. ನೋಡಲು ಹೋಗುವವನಿಗೆ ಪ್ಯಾರಿಸ್, ಗಡಿಯಾರದೊಡನೆ ಸೆಣಸುವವನಿಗಲ್ಲ.

ಉಳಿದದ್ದು ರಾಟರ್‌ಡ್ಯಾಮ್. ಹಾಲೆಂಡಿನ ಈ ಬಂದರು ನಗರದ ಕೆಲವು ಭಾಗ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. 1985ರಲ್ಲಿ ಪೋರ್ಚುಗಲ್ಲಿನ ಕಾರ್ಲೋಸ್ ಲೋಪೆಸ್ ಇಲ್ಲಿ 2 ಗಂಟೆ 7 ನಿಮಿಷ 12 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಾಗ ಅವರ ವಯಸ್ಸು 38. 1988ರಲ್ಲಿ ಇಥಿಯೋಪಿಯಾದ ಬೆಲಾಯ್ನೆ ದಿನ್ಸಾಮೊ ಇದೇ ರಸ್ತೆಯಲ್ಲಿ ಅದನ್ನು 2 ಗಂಟೆ 6 ನಿಮಿಷ 50 ಸೆಕೆಂಡಿಗೆ ಇಳಿಸಿದರು. ಆ ದಾಖಲೆ ಹತ್ತು ವರ್ಷ ನಿಂತಿತು. 1998ರಲ್ಲಿ ಕೆನ್ಯಾದ ತೆಗ್ಲಾ ಲೊರೂಪೆ ಮಹಿಳೆಯರ ಜಗತ್ತಿನ ಅತ್ಯುತ್ತಮ ಸಮಯವನ್ನು ಓಡಿದ್ದೂ ಇಲ್ಲಿಯೇ. ದಾರಿಯಲ್ಲಿ ಏರು ಎನ್ನಬಹುದಾದದ್ದು ಮುಖ್ಯವಾಗಿ ಎರಾಸ್ಮಸ್ ಸೇತುವೆ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಅದನ್ನು ದಾಟಬೇಕು. ಓಟಗಾರರ ಸಂಖ್ಯೆ ಲಂಡನ್ನಿಗಿಂತ ಬಹಳ ಕಡಿಮೆ. ಹಾಗಾಗಿ ತನ್ನ ಗೆರೆಯನ್ನು ತಾನು ಹಿಡಿಯುವ ಅವಕಾಶ ಹೆಚ್ಚು. ದೋಷವಿಲ್ಲವೆಂದಲ್ಲ. ಬಯಲು ನಾಡು, ಗಾಳಿ ಬೀಸಿದರೆ ತಡೆಯುವವರಿಲ್ಲ. 2007ರ ಏಪ್ರಿಲ್ಲಿನಲ್ಲಂತೂ ಬಿಸಿಲು ಎಷ್ಟು ಏರಿತೆಂದರೆ ಓಟವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಬೆಂಗಳೂರಿನಿಂದ ಹೋಗುವವನಿಗೆ ಇನ್ನೂ ಎರಡು ಅನುಕೂಲಗಳಿವೆ. ಏಪ್ರಿಲ್ಲಿನಲ್ಲಿ ಹಾಲೆಂಡಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮಾತ್ರ ಹಿಂದೆ. ನಾಲ್ಕು ದಿನ ಮೊದಲು ಹೋದರೆ ನಿದ್ರೆ ಸರಿಹೊಂದೀತು. ಬಾಸ್ಟನ್ನಿನದಾದರೆ ಒಂಬತ್ತೂವರೆ ಗಂಟೆ. ಎರಡನೆಯದು, ನಮ್ಮ ಫೆಬ್ರವರಿ, ಮಾರ್ಚ್‌ಗಳ ಸೆಕೆಯಲ್ಲಿ ಬೆವರು ಸುರಿಸಿ ಪಳಗಿದ ಮೈ ಅಲ್ಲಿನ ತಂಪಿನಲ್ಲಿ ಹಗುರವಾಗುತ್ತದೆ. ಅಕಸ್ಮಾತ್ ಬಿಸಿಲೇ ಬಂದರೂ ಅಲ್ಲಿಯವರಷ್ಟು ಕಂಗೆಡುವುದಿಲ್ಲ. ಬಾಸ್ಟನ್ ಅರ್ಜಿಯ ಕಾಲ ಸೆಪ್ಟೆಂಬರ್. ಏಪ್ರಿಲ್ಲಿನ ಸಮಯ ಕೈಯಲ್ಲಿದ್ದರೆ ನಡುವೆ ಸಾವಕಾಶವೂ ಇದೆ.

ಹೀಗೆ ನನ್ನ ತೀರ್ಮಾನ ರಾಟರ್‌ಡ್ಯಾಮ್. ಆದರೆ ಕಾರಣ ಅದು ಸಮತಟ್ಟು ಎಂಬುದಷ್ಟೇ ಅಲ್ಲ. ವೇಗದ ದಾರಿ ಎಂದರೆ ಓಟಗಾರನಿಗೆ ಪುಕ್ಕಟೆಯಾಗಿ ನಿಮಿಷಗಳನ್ನು ದಾನಮಾಡುವ ದಾರಿಯಲ್ಲ; ಅವನು ದುಡಿದು ಗಳಿಸಿದ ನಿಮಿಷಗಳನ್ನು ಅವನಿಂದ ಕಸಿಯದ ದಾರಿ. ಇಳಿಜಾರು, ನೂಕುನುಗ್ಗಲು, ನಿದ್ರೆಗೇಡು, ಲಾಟರಿ ಇವೆಲ್ಲ ಅದೃಷ್ಟದ ಪಾಲನ್ನು ಹೆಚ್ಚಿಸುತ್ತವೆ. ಆ ಪಾಲು ಅತ್ಯಂತ ಕಡಿಮೆ ಇರುವ ಕಡೆ ಹೋಗಬೇಕು. ಹವೆಯೊಂದನ್ನು ಯಾರೂ ಆರಿಸಲಾರರು.

“ಅಂದು ಬಿಸಿಲು ಬಂದರೆ ಏನು ಮಾಡಲಿ ಸಾರ್?” ಎಂದು ಅವನು ಕೇಳಿದ. ಅವನ ಮುಖದಲ್ಲಿ ಪರೀಕ್ಷೆಯ ಹಿಂದಿನ ದಿನದ ಹುಡುಗರ ಅಳುಕಿತ್ತು. ವರ್ಷದ ಬೆಳಗುಗಳನ್ನೆಲ್ಲ, ಮನೆಮಂದಿಯ ಭಾನುವಾರಗಳನ್ನೆಲ್ಲ ಒಂದು ಮೂರು ಗಂಟೆಗೆ ಒತ್ತೆ ಇಟ್ಟವನ ಅಳುಕು ಅದು, ನಗುವಂಥದ್ದಲ್ಲ. “ಬಿಸಿಲು ಬಂದರೆ ಆರಂಭದ ಗೆರೆಯಲ್ಲೇ ಆ ಮೂರು ಗಂಟೆಯನ್ನು ಬಿಟ್ಟುಬಿಡಪ್ಪ. ಕ್ಷೇಮವಾಗಿ ಓಡಿ ಬಾ. ಆ ದಿನದ ಅಂಕ ಹವೆಯದು, ನಿನ್ನದಲ್ಲ” ಎಂದೆ.

ಇನ್ನೊಂದು ಮಾತನ್ನೂ ನೆನಪಿಸಿದೆ. ಹತ್ತನೆಯ ತರಗತಿಯಲ್ಲಿದ್ದಾಗ ತಾಲ್ಲೂಕು ಕ್ರೀಡಾಕೂಟದ 1,500 ಮೀಟರ್ ಓಟದಲ್ಲಿ ಅವನು ಬರಿಗಾಲಲ್ಲಿ ಓಡಿದ್ದ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ನಲವತ್ತು ಹೆಜ್ಜೆ ಮುಂದೆ, ಮುಗಿಸುವಾಗ ಐದನೆಯವನು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು. ಅಂದಿನ ಮೈದಾನದಲ್ಲಿ ಇಳಿಜಾರೂ ಇರಲಿಲ್ಲ, ಎದುರುಗಾಳಿಯೂ ಇರಲಿಲ್ಲ. ಅವನು ನಕ್ಕು ತಲೆಯಾಡಿಸಿದ. ರಸ್ತೆಯನ್ನು ಆರಿಸಿಕೊಟ್ಟಿದ್ದೇನೆ, ಅದರ ಮೊದಲರ್ಧವನ್ನು ತಾಳ್ಮೆಯಿಂದ ಓಡುವುದು ಅವನಿಗೇ ಬಿಟ್ಟದ್ದು.