ಫಾರ್ಮ್ಯಾಟ್ ಒತ್ತುವ ಮುಂಚೆ

ಬಯಾನ್ ಲೆಪಾಸ್ ಹಾಸ್ಟೆಲುಗಳಲ್ಲಿ ನಾವು ಕೇಳೋದು ಅದೇ ದೂರು: ಫೋನ್ ಹ್ಯಾಂಗ್ ಆಗ್ತಿದೆ, ಫೋಟೋ ಕಾಣ್ತಿಲ್ಲ. ಹೊಸ ಫೋನಿಗೆ ರಿಂಗಿಟ್ ಸುರಿಯುವ ಮೊದಲು ಫೋನ್ ಆಫ್ ಮಾಡಿ, ಮೆಮೊರಿ ಕಾರ್ಡ್ ತೆಗೆದು ಒಂದು ದಿನ ಬಳಸಿ ನೋಡಿ. ಸರಿಯಾಗಿ ನಡೆದರೆ ಕೆಟ್ಟಿರೋದು ಬಹುತೇಕ ಕಾರ್ಡೇ. ಲೈನಿನಲ್ಲಿ ಚಿಪ್ಪಿಗೆ ಕೊಡೋ ಮರ್ಯಾದೆ ಕಾರ್ಡಿನ ಹೊಂಬಣ್ಣದ ಪಿನ್ನಿಗೂ ಕೊಡಿ; ಬೆವರುಗೈ ಬೇಡ, ಒಣ ಬಟ್ಟೆಯಲ್ಲಿ ಒರೆಸಿ.

‘ಫಾರ್ಮ್ಯಾಟ್ ಮಾಡಿ’ ಅಂತ ಫೋನ್ ಕೇಳಿದರೆ ಒತ್ತಲೇಬೇಡಿ. ಪಾಸ್‌ಪೋರ್ಟ್, ಪರ್ಮಿಟ್, ಸಂಬಳದ ಚೀಟಿಯ ಫೋಟೋ ಅದರಲ್ಲೇ ಇದ್ದೀತು. ಮೊದಲು ಕಾರ್ಡ್ ರೀಡರಿನಲ್ಲಿಟ್ಟು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಮಾಡಿಕೊಂಡಿದ್ದರೆ ಮಾತ್ರ ಅದು ಬೇರೆಲ್ಲೂ ತೆರೆಯೋದಿಲ್ಲ, ಬೀಗದ ಕೈ ಆ ಫೋನಿನಲ್ಲೇ ಇರುತ್ತೆ. ಫೋನ್ ರೀಸೆಟ್ ಮಾಡಿದಿರೋ, ಕಾರ್ಡಿನದ್ದೂ ಹೋಯ್ತು.

ಪಸಾರ್ ಮಾಲಂನಲ್ಲಿ ಪುಡಿಗಾಸಿಗೆ ಸಿಗೋ 1 ಟಿಬಿ ಕಾರ್ಡ್ ಬೇಡವೇ ಬೇಡ.